ಟ್ರಿಕ್ ರೂಮ್: ಐದು ಟರ್ನ್ ಅಂದರೆ ನಾಲ್ಕೇ

ಪೋಕೆಮಾನ್ ಆಟದಲ್ಲಿ ನಿಧಾನದವರನ್ನು ಮೊದಲು ಹೊಡೆಯುವಂತೆ ಮಾಡುವ ಟ್ರಿಕ್ ರೂಮ್ ಎಂಬ ಮೂವ್ ಐದು ಟರ್ನ್ (ಸುತ್ತು) ಇರುತ್ತದೆ ಎಂದು ಅದರ ವಿವರಣೆ ಹೇಳುತ್ತದೆ. ಕೈಗೆ ಸಿಗುವುದು ನಾಲ್ಕೇ. ಹಾಕಿದ ಟರ್ನ್ ಕೂಡ ಆ ಐದರಲ್ಲೇ ಲೆಕ್ಕ, ಅವತ್ತು ಅದು ಬೀಳುವುದೂ ಎಲ್ಲರ ಏಟು ಮುಗಿದ ಮೇಲೆ. ಎದುರಾಳಿ ಒಂದು ಸಲ ಪ್ರೊಟೆಕ್ಟ್ (ಆ ಟರ್ನ್‌ನ ಏಟು ತಡೆಯುವ ಮೂವ್) ಒತ್ತಿದರೆ ನಾಲ್ಕು ಮೂರಾಯಿತು. ಪೋಕೆಮಾನ್ ಸ್ಕಾರ್ಲೆಟ್‌ನ ಡಬಲ್ಸ್‌ಗೆ (ಇಬ್ಬರ ಎದುರು ಇಬ್ಬರು ನಿಲ್ಲುವ ಆಟ) ನಾನು ಟೀಮ್ ಕಟ್ಟುವುದು ಈ ಮೂರನ್ನು ಮುಂದಿಟ್ಟುಕೊಂಡೇ. ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಸ್ವಿಚ್ ಹಿಡಿದು ಕೂರುವ ನಮ್ಮ ನಾಲ್ಕೈದು ಜನರ ಗುಂಪಿಗೆ ಹೊಸಬರು ಬಂದಾಗಲೆಲ್ಲ ಇದೇ ಪ್ರಶ್ನೆ: "ಗುರು, ಐದು ಟರ್ನ್ ಇತ್ತಲ್ವಾ, ಇಷ್ಟು ಬೇಗ ಹೆಂಗೆ ಹೋಯ್ತು?" ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

2006ರಲ್ಲಿ ಡೈಮಂಡ್ ಮತ್ತು ಪರ್ಲ್ ಆಟಗಳ ಜೊತೆ ಬಂದ ಸೈಕಿಕ್ ಮೂವ್ ಇದು. ಬಿದ್ದ ಮೇಲೆ, ಒಂದೇ ಪ್ರಯಾರಿಟಿಯ (ಯಾವ ಮೂವ್ ಮೊದಲು ಎಂದು ಹೇಳುವ ಅಂಕ, ಮಾಮೂಲಿ ಮೂವ್‌ಗೆ 0) ಮೂವ್‌ಗಳಲ್ಲಿ ಸ್ಪೀಡ್ ಕಡಿಮೆ ಇದ್ದವರು ಮೊದಲು ಹೊಡೆಯುತ್ತಾರೆ. 'ಒಂದೇ ಪ್ರಯಾರಿಟಿಯ' ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಫೇಕ್ ಔಟ್ +3, ಎಕ್ಸ್‌ಟ್ರೀಮ್ ಸ್ಪೀಡ್ +2, ಸಕರ್ ಪಂಚ್ +1. ರೂಮ್ ಇದ್ದರೂ ಇಲ್ಲದಿದ್ದರೂ ಇವು ಮುಂಚೆಯೇ ಬರುತ್ತವೆ. ಟ್ರಿಕ್ ರೂಮ್‌ನದು -7, ಅದಕ್ಕಿಂತ ಕೆಳಗೆ ಯಾವ ಮೂವ್ ಕೂಡ ಇಲ್ಲ. ಹಾಗಾಗಿ ಹಾಕುವ ಪೋಕೆಮಾನ್ ಆ ಟರ್ನ್‌ನಲ್ಲಿ ಎದುರಿನ ಇಬ್ಬರ ಏಟನ್ನೂ ತಿಂದು ಬದುಕಿರಬೇಕು, ನಿದ್ದೆ ಹೋಗಿರಬಾರದು, ಟಾಂಟ್ (ಏಟಲ್ಲದ ಮೂವ್‌ಗಳನ್ನು ಒತ್ತದಂತೆ ತಡೆಯುವ ಮೂವ್) ಆಗಿರಬಾರದು. ರೋರ್ ಮತ್ತು ವರ್ಲ್‌ವಿಂಡ್ -6. ಒಂದೇ ಒಂದು ಮೆಟ್ಟಿಲು ಮೇಲೆ. ನಿಮ್ಮ ಸೆಟ್ಟರ್, ಅಂದರೆ ರೂಮ್ ಹಾಕುವ ಪೋಕೆಮಾನ್, ಎಲ್ಲ ಏಟನ್ನೂ ತಡೆದುಕೊಂಡು ಕೊನೆಗೆ ನಿಂತಿದ್ದಾಗ ರೋರ್ ಬಂದು ಅದನ್ನು ಹೊರಗೆ ತಳ್ಳಿಬಿಡುತ್ತದೆ, ರೂಮ್ ಬೀಳುವುದೇ ಇಲ್ಲ. ಪ್ರೊಟೆಕ್ಟ್ ಕೂಡ ರೋರ್ ಅನ್ನು ತಡೆಯುವುದಿಲ್ಲ. ಎದುರಿನ ಟೀಮ್ ಶೀಟ್‌ನಲ್ಲಿ ರೋರ್ ಕಂಡರೆ ಆ ಪೋಕೆಮಾನನ್ನು ಮೊದಲು ಮುಗಿಸಿ, ರೂಮ್ ಆಮೇಲೆ.

ನನ್ನ ಸೆಟ್ಟರ್ ಫಾರಿಗಿರಾಫ್. ಕಾರಣ ಅದರ ಆರ್ಮರ್ ಟೇಲ್ ಎಬಿಲಿಟಿ: ಎದುರಾಳಿಯ ಪ್ರಯಾರಿಟಿ ಮೂವ್‌ಗಳು ಅದಕ್ಕೂ ತಗಲುವುದಿಲ್ಲ, ಪಕ್ಕದಲ್ಲಿ ನಿಂತ ಜೊತೆಗಾರನಿಗೂ ತಗಲುವುದಿಲ್ಲ. ಇನ್ಸಿನರೋರ್‌ನ ಫೇಕ್ ಔಟ್ ಹೋಯಿತು. ಟೋರ್ನಡಸ್‌ನ ಪ್ರಾಂಕ್‌ಸ್ಟರ್ ಟಾಂಟ್ ಕೂಡ ಹೋಯಿತು, ಏಕೆಂದರೆ ಪ್ರಾಂಕ್‌ಸ್ಟರ್ ಟಾಂಟ್‌ಗೆ +1 ಕೊಡುತ್ತದೆ, ಆರ್ಮರ್ ಟೇಲ್ ಅದನ್ನೇ ನೋಡಿ ತಡೆಯುತ್ತದೆ. ಉಳಿಯುವುದು ಬರೀ ವೇಗದಿಂದ ಬರುವ ಮಾಮೂಲಿ ಟಾಂಟ್. ಅದಕ್ಕೆ ಟಾಂಟ್ ಬಿಡಿಸುವ ಮೆಂಟಲ್ ಹರ್ಬ್ ಹಿಡಿಸುತ್ತೇನೆ. ಹರ್ಬ್ ಒಂದೇ ಸಲ ಕೆಲಸ ಮಾಡುತ್ತದೆ. ಎದುರಿನ ಇಬ್ಬರೂ ಅದೇ ಟರ್ನ್‌ನಲ್ಲಿ ಟಾಂಟ್ ಹಾಕಿದರೆ ಎರಡನೆಯದು ಅಂಟಿಕೊಳ್ಳುತ್ತದೆ. ಎಚ್‌ಪಿಗೆ (ಜೀವಬಲ) 252 ಇವಿ (ತರಬೇತಿಯಿಂದ ಬರುವ ಅಂಕ) ಹಾಕಿದರೆ ಲೆವೆಲ್ 50ರಲ್ಲಿ 227 ಬರುತ್ತದೆ. ನಾರ್ಮಲ್ ಮತ್ತು ಸೈಕಿಕ್ ಟೈಪ್ ಆದ್ದರಿಂದ ಘೋಸ್ಟ್ ಮೂವ್ ತಗಲುವುದೇ ಇಲ್ಲ, ಡಾರ್ಕ್ ಮತ್ತು ಬಗ್‌ಗೆ ಮಾತ್ರ ಹೆದರಬೇಕು. ಇಷ್ಟೆಲ್ಲ ಇದ್ದೂ ಇದು ಮಲಗುವುದು ಅಮೂಂಗಸ್‌ನ ನಿದ್ದೆ ಬರಿಸುವ ಸ್ಪೋರ್‌ಗೆ. ಸ್ಪೋರ್‌ನ ಪ್ರಯಾರಿಟಿ 0, ಆರ್ಮರ್ ಟೇಲ್‌ಗೆ ಅಲ್ಲಿ ಕೆಲಸವಿಲ್ಲ. ಎದುರು ಅಮೂಂಗಸ್ ಇದ್ದರೆ, ಏಟನ್ನು ತನ್ನ ಕಡೆ ಸೆಳೆಯುವ ರೇಜ್ ಪೌಡರ್ ಅನ್ನು ನಾನು ನಂಬುವುದಿಲ್ಲ. ಅಮೂಂಗಸ್ ಗ್ರಾಸ್ ಟೈಪ್ ಆದ್ದರಿಂದ ಪೌಡರ್ ಅದರ ಮೇಲೆ ಕೆಲಸ ಮಾಡುವುದಿಲ್ಲ, ಸ್ಪೋರ್ ತಿರುಗದೆ ಫಾರಿಗಿರಾಫ್‌ಗೇ ಬೀಳುತ್ತದೆ.

ಹೊಡೆಯುವವನು ಅರ್ಸಲೂನಾ. ಗಟ್ಸ್ ಎಬಿಲಿಟಿ, ಕೈಯಲ್ಲಿ ಹಿಡಿದವರನ್ನೇ ಸುಡುವ ಫ್ಲೇಮ್ ಆರ್ಬ್, ಮೂವ್‌ಗಳು ಫಸಾಡ್, ಹೆಡ್‌ಲಾಂಗ್ ರಶ್, ಅರ್ಥ್‌ಕ್ವೇಕ್, ಪ್ರೊಟೆಕ್ಟ್. ಇದು ಟ್ರಿಕ್ ರೂಮ್‌ಗೆ ಇಷ್ಟು ಚೆನ್ನಾಗಿ ಕೂರುವುದು ಬರೀ ನಿಧಾನ ಅಂತ ಅಲ್ಲ. ಆರ್ಬ್ ಸುಡುವುದು ಟರ್ನ್‌ನ ಕೊನೆಯಲ್ಲಿ. ಮೊದಲ ಟರ್ನ್ ಹೇಗೂ ರೂಮ್ ಹಾಕುವುದಕ್ಕೆ ಹೋಗುತ್ತದೆ, ಅಷ್ಟರಲ್ಲಿ ಅರ್ಸಲೂನಾ ಪ್ರೊಟೆಕ್ಟ್ ಒತ್ತಿ ಕೂರುತ್ತದೆ, ಟರ್ನ್ ಮುಗಿಯುವಾಗ ರೂಮ್ ಕೂಡ ಬಿದ್ದಿರುತ್ತದೆ, ಬರ್ನ್ ಕೂಡ ಆಗಿರುತ್ತದೆ. ಎರಡನೇ ಟರ್ನ್‌ಗೆ ಆ ಬರ್ನ್ ಕಾರಣಕ್ಕೇ ಗಟ್ಸ್‌ನಿಂದ ಅಟ್ಯಾಕ್ ಒಂದೂವರೆ ಪಟ್ಟು, ಫಸಾಡ್‌ನ ಪವರ್ 70ರಿಂದ 140. ಎರಡು ಕಾಯುವಿಕೆ ಒಂದೇ ಟರ್ನ್‌ನಲ್ಲಿ ತೀರಿತು. ಅರ್ಥ್‌ಕ್ವೇಕ್ ಮಾತ್ರ ನೋಡಿಕೊಂಡು ಒತ್ತಿ, ಪಕ್ಕದ ಫಾರಿಗಿರಾಫ್‌ಗೂ ಬೀಳುತ್ತದೆ.

ಇನ್ನು ಸ್ಪೀಡ್ ಇಳಿಸುವ ಕೆಲಸ. ಲೆವೆಲ್ 50ರ ಲೆಕ್ಕ ಬೆರಳಲ್ಲೇ ಆಗುತ್ತದೆ: ಬೇಸ್ ಸ್ಪೀಡ್ ಎರಡರಷ್ಟು ಮಾಡಿ, ಐವಿ (ಹುಟ್ಟಿನಿಂದ ಬರುವ ಅಂಕ, 0ರಿಂದ 31) ಸೇರಿಸಿ, ಇವಿಯ ಕಾಲು ಭಾಗ ಸೇರಿಸಿ, ಅರ್ಧ ಮಾಡಿ, 5 ಕೂಡಿ, ಸ್ಪೀಡ್ ತಗ್ಗಿಸುವ ನೇಚರ್ (ಬ್ರೇವ್‌ನಂಥ ಸ್ವಭಾವ) ಇದ್ದರೆ 0.9ರಿಂದ ಗುಣಿಸಿ, ಚಿಲ್ಲರೆ ಬಿಡಿ. ಅರ್ಸಲೂನಾ ಬೇಸ್ 50. ಐವಿ 0, ಬ್ರೇವ್ ನೇಚರ್ ಆದರೆ 49. ಐವಿ 31 ಇದ್ದರೆ ಅದೇ ಬ್ರೇವ್‌ನಲ್ಲಿ 63. ಸ್ಪೀಡ್ ಕಡೆ ಏನೂ ಮಾಡದ ಇನ್ಸಿನರೋರ್ 80, ಐರನ್ ಹ್ಯಾಂಡ್ಸ್ 70. ಅಂದರೆ 63 ಇದ್ದರೂ ಇವರಿಗಿಂತ ಮುಂಚೆ ಹೊಡೆಯಬಹುದು. ಸೊನ್ನೆ ಐವಿ ಬೇಕೇಬೇಕು ಅಂತ ವಾರಗಟ್ಟಲೆ ಮೊಟ್ಟೆ ಒಡೆಸುವವರನ್ನು ನೋಡಿದ್ದೇನೆ. ಮೊದಲು ಈ ಲೆಕ್ಕ ಹಾಕಿ, ಎದುರು ಯಾರನ್ನು ದಾಟಬೇಕು ಅನ್ನುವುದನ್ನು ನೋಡಿ, ಆಮೇಲೆ ಬೇಕಾದರೆ ಒಡೆಸಿ.

ಸೊನ್ನೆ ನಿಜಕ್ಕೂ ಬೇಕಾಗುವ ಜಾಗ ಜೈರೋ ಬಾಲ್. ಅದರ ಪವರ್ ಅಂದರೆ ಎದುರಾಳಿಯ ಸ್ಪೀಡನ್ನು ನಮ್ಮ ಸ್ಪೀಡಿನಿಂದ ಭಾಗಿಸಿ 25ರಿಂದ ಗುಣಿಸಿ 1 ಕೂಡಿದ್ದು, ಮಿತಿ 150. ಬ್ರಾಂಜಾಂಗ್ ಬೇಸ್ 33, ಸ್ಪೀಡ್ ತಗ್ಗಿಸುವ ನೇಚರ್. ಸೊನ್ನೆ ಐವಿಗೆ ಸ್ಪೀಡ್ 34, 31 ಐವಿಗೆ 47. ಎದುರಿಗೆ ಪೂರ್ತಿ ಸ್ಪೀಡ್ ಹಾಕಿದ ಫ್ಲಟರ್ ಮೇನ್, 205. ಮೊದಲನೆಯದಕ್ಕೆ ಪವರ್ 150 ಮುಟ್ಟುತ್ತದೆ, ಎರಡನೆಯದು 110ಕ್ಕೆ ನಿಲ್ಲುತ್ತದೆ. ಒಂದೇ ಮೂವ್, ಒಂದೇ ಪೋಕೆಮಾನ್, ನಲವತ್ತು ಪವರ್ ವ್ಯತ್ಯಾಸ.

ಬ್ರೀಡಿಂಗ್‌ನಲ್ಲಿ ಸ್ಪೀಡ್ ಸೊನ್ನೆ ಇರುವ ತಾಯಿ ಅಥವಾ ತಂದೆಯ ಕೈಗೆ ಪವರ್ ಆಂಕ್ಲೆಟ್ ಕೊಡಿ, ಆ ಸೊನ್ನೆ ಮರಿಗೆ ಖಚಿತವಾಗಿ ಬರುತ್ತದೆ. ಇನ್ನೊಂದರ ಕೈಗೆ ಡೆಸ್ಟಿನಿ ನಾಟ್, ಅದರಿಂದ ಹೆಚ್ಚು ಐವಿ ತಂದೆ-ತಾಯಿಯಿಂದ ಬರುತ್ತವೆ. ನೇಚರ್ ತಪ್ಪಿದರೆ ಅದರ ಪರಿಣಾಮ ಬದಲಿಸುವ ಮಿಂಟ್ ಇದೆ. ಸ್ಪೀಡ್‌ಗೆ ಇವಿ ಸೇರಿಬಿಟ್ಟಿದ್ದರೆ ಟಮಾಟೊ ಬೆರ್ರಿ ಒಂದಕ್ಕೆ 10ರಂತೆ ಇಳಿಸುತ್ತದೆ. ಜನ ಎಡವುವುದು ಕೊನೆಯ ಹಂತದಲ್ಲಿ. ಆಟದೊಳಗಿನ ಮಾಂಟೆನೆವೆರಾ ಊರಿಗೆ ಹೋಗಿ ಹೈಪರ್ ಟ್ರೈನಿಂಗ್ (ಐವಿ ಕೊರತೆ ತುಂಬಿಸುವುದು) ಮಾಡಿಸುವಾಗ ಗೋಲ್ಡ್ ಬಾಟಲ್ ಕ್ಯಾಪ್ ಕೊಟ್ಟರೆ ಆರೂ ಸ್ಟಾಟ್ ಒಟ್ಟಿಗೆ ಮೇಲಕ್ಕೆ ಹೋಗುತ್ತವೆ, ಸ್ಪೀಡ್ ಕೂಡ. ಹಿಂದಕ್ಕೆ ತರಲು ದಾರಿ ಇಲ್ಲ. ಮಾಮೂಲಿ ಬಾಟಲ್ ಕ್ಯಾಪ್ ಒಂದೊಂದಾಗಿ ಕೊಟ್ಟು, ಸ್ಪೀಡ್ ಸಾಲನ್ನು ಮುಟ್ಟದೆ ಬಿಡಿ.

ಐಟಂನಿಂದ ಸ್ಪೀಡ್ ಇಳಿಸುವುದಾದರೆ ಐರನ್ ಬಾಲ್ ಸರಿ, ಅದು ಸ್ಪೀಡನ್ನೇ ಅರ್ಧ ಮಾಡುತ್ತದೆ. ಲ್ಯಾಗಿಂಗ್ ಟೇಲ್ ಬೇಡವೇ ಬೇಡ. ಅದು ಸ್ಪೀಡ್ ಸಂಖ್ಯೆಯನ್ನು ಮುಟ್ಟುವುದಿಲ್ಲ, ಹಿಡಿದವರನ್ನು ಸಾಲಿನ ಕೊನೆಗೆ ಹಾಕುತ್ತದೆ ಅಷ್ಟೆ. ಟ್ರಿಕ್ ರೂಮ್ ಅದನ್ನು ತಿರುಗಿಸುವುದಿಲ್ಲ, ನೀವು ರೂಮ್‌ನಲ್ಲೂ ಕೊನೆಗೇ ಹೊಡೆಯುತ್ತೀರಿ.

ಅಭ್ಯಾಸಕ್ಕೆ ನಾನು ಐದು ಹುಣಸೆ ಬೀಜ ಇಟ್ಟುಕೊಳ್ಳುತ್ತೇನೆ. ಅಳಗುಳಿಮಣೆ ಆಡುವ ಮನೆಗಳಲ್ಲಿ ಬೀಜಕ್ಕೆ ಬರವಿಲ್ಲ. ಕಲ್ಲು ಬೆಂಚಿನ ಮೇಲೆ ಸಾಲಾಗಿ ಜೋಡಿಸಿ, ಆಟ ಶುರುವಾಗುವ ಮುಂಚೆ ಒಂದೊಂದಕ್ಕೂ ಒಂದು ಕೆಲಸ ಹೇಳಿಕೊಳ್ಳುತ್ತೇನೆ. ಮೊದಲನೆಯದು ಹಾಕಿದ ಟರ್ನ್, ಅದನ್ನು ಆಗಲೇ ಪಕ್ಕಕ್ಕೆ ಸರಿಸುತ್ತೇನೆ. ಎರಡನೆಯದಕ್ಕೆ ಎದುರಾಳಿ ಒಬ್ಬನಾದರೂ ಪ್ರೊಟೆಕ್ಟ್ ಒತ್ತುತ್ತಾನೆ ಎಂದೇ ಇಟ್ಟುಕೊಳ್ಳಿ, ಹಾಗಾಗಿ ಏಟು ಪ್ರೊಟೆಕ್ಟ್ ಇಲ್ಲದವನ ಮೇಲೆ. ಮೂರನೆಯದು ಅಸಲಿ ಟರ್ನ್. ಬೆನ್ನುಬೆನ್ನಿಗೆ ಎರಡನೇ ಪ್ರೊಟೆಕ್ಟ್ ಫಲಿಸುವ ಸಾಧ್ಯತೆ ಮೂರರಲ್ಲಿ ಒಂದು, ಆದ್ದರಿಂದ ಹಿಂದಿನ ಟರ್ನ್‌ನಲ್ಲಿ ಅಡಗಿದವನ ಮೇಲೆ ಈಗ ಪೂರ್ತಿ ಬಲ. ನಾಲ್ಕು ಉಳಿದವರಿಗೆ. ಐದನೆಯ ಬೀಜದ ಮೇಲೆ ನಾನು ಏಟನ್ನು ನಂಬುವುದಿಲ್ಲ, ಅದು ಮುಂದಿನದಕ್ಕೆ ಅಣಿಯಾಗುವ ಟರ್ನ್. ಎಷ್ಟು ಉಳಿದಿದೆ ಎಂದು ಆಟದ ಪರದೆಯಲ್ಲೂ ನೋಡಬಹುದು, ಆದರೆ ಉಳಿದಿರುವುದನ್ನು ಎಲ್ಲಿ ಖರ್ಚು ಮಾಡಬೇಕೆಂದು ಪರದೆ ಹೇಳುವುದಿಲ್ಲ.

ಐದನೇ ಟರ್ನ್‌ನಲ್ಲೇ ದೊಡ್ಡ ತಪ್ಪು ಆಗುವುದು. "ಮುಗೀತಾ ಇದೆ ಮಗಾ, ಇನ್ನೊಂದ್ಸಲ ಹಾಕಿಬಿಡು" ಅಂತ ಪಕ್ಕದವರು ಹೇಳುತ್ತಾರೆ. ರೂಮ್ ಇರುವಾಗ ಮತ್ತೆ ಟ್ರಿಕ್ ರೂಮ್ ಒತ್ತಿದರೆ ಅವಧಿ ಹೆಚ್ಚುವುದಿಲ್ಲ, ಇರುವ ರೂಮ್ ರದ್ದಾಗುತ್ತದೆ. ಐದನೇ ಟರ್ನ್‌ನಲ್ಲಿ ಹೇಗೂ ಅದು ತಾನಾಗಿಯೇ ಮುಗಿಯುತ್ತಿತ್ತು, ನಿಮ್ಮ ಒಂದು ಸರದಿ ದಂಡ. ಮತ್ತೆ ಹಾಕಬೇಕಾದದ್ದು ಆರನೇ ಟರ್ನ್‌ನಲ್ಲಿ, ಆಗ ಎದುರಾಳಿ ತನ್ನ ಪೂರ್ತಿ ವೇಗದಲ್ಲಿ ಮೊದಲು ಹೊಡೆಯುತ್ತಾನೆ. ಇದೇ ಕಾರಣಕ್ಕೆ ಫಾರಿಗಿರಾಫನ್ನು ನಾನು ಮೂರನೇ ಬೀಜದ ಹೊತ್ತಿಗೆ ಒಳಗೆ ಕರೆದುಕೊಳ್ಳುತ್ತೇನೆ, ಆರಕ್ಕೆ ಅದು ಏಟು ತಡೆಯುವಷ್ಟು ಎಚ್‌ಪಿ ಉಳಿಸಿಕೊಂಡಿರಬೇಕು. ಎದುರಾಳಿಯ ಬಳಿಯೂ ಟ್ರಿಕ್ ರೂಮ್ ಇದ್ದರೆ ಇದೇ ನಿಯಮವನ್ನು ಅವನು ನಿಮ್ಮ ಮೇಲೆ ತಿರುಗಿಸುತ್ತಾನೆ: ನೀವು ಹಾಕಿದ ಟರ್ನ್‌ನಲ್ಲೇ ಅವನೂ ಹಾಕಿದರೆ ಒಂದು ಇನ್ನೊಂದನ್ನು ಕಳೆಯುತ್ತದೆ. ಫಾರಿಗಿರಾಫ್‌ನ ನಾಲ್ಕನೇ ಮೂವ್ ಆಗಿ ಇಂಪ್ರಿಸನ್ ಇಟ್ಟಿರುವುದು ಇದಕ್ಕೇ. ನಮ್ಮಲ್ಲೂ ಇರುವ ಮೂವ್ ಅನ್ನು ಅವನು ಒತ್ತುವಂತಿಲ್ಲ.

ಆರಕ್ಕೆ ಆರೂ ನಿಧಾನದವರನ್ನು ತುಂಬಿಸುವ ಟೀಮ್ ನನಗೆ ಒಪ್ಪಿಗೆಯಿಲ್ಲ. ಆಡುವುದು ನಾಲ್ಕು ಮಂದಿ, ಅದರಲ್ಲಿ ಒಬ್ಬ ವೇಗದವನು ಹಿಂದಿನ ಸಾಲಿನಲ್ಲಿ ಇರಲಿ. ಐದನೇ ಬೀಜ ಸರಿದ ಮೇಲೆ ಫಾರಿಗಿರಾಫ್ ಬದುಕಿದ್ದರೆ ಮತ್ತೆ ಹಾಕುತ್ತೇನೆ, ಇಲ್ಲವಾದರೆ ಆ ವೇಗದವನನ್ನು ಒಳಗೆ ಬಿಡುತ್ತೇನೆ.