ಸಾಂತಾ ಲೂಚಿಯಾ ಹಬ್ಬಕ್ಕೆ ಸಿರಾಕೂಸಾಗೆ ಹೊರಟವರಿಗೆ

ಸಾಂತಾ ಲೂಚಿಯಾ ಇಟಲಿಯ ಸಿಸಿಲಿ ದ್ವೀಪದಲ್ಲಿರುವ ಸಿರಾಕೂಸಾ ಊರನ್ನು ಕಾಯುವ ಸಂತಳು. ಅವಳ ಹಬ್ಬ ಡಿಸೆಂಬರ್ 13 ಅಂತ ಓದಿಕೊಂಡು ಮೊದಲ ಸಲ ನಾನು ಅಲ್ಲಿ ಒಂದೇ ರಾತ್ರಿ ಉಳಿದಿದ್ದೆ. 14ರ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನನ್ನ ಸೂಟ್‌ಕೇಸ್ ನೋಡಿ ಒಬ್ಬ ಅಜ್ಜಿ ಕೇಳಿದರು: "ಲೂಚಿಯಾಳೇ ಇನ್ನೂ ಮನೆಗೆ ಬಂದಿಲ್ಲ, ನೀನು ಹೊರಟೇಬಿಟ್ಟೆಯಾ?" ಆ ಮಾತು ಎರಡು ವರ್ಷ ಕಾಡಿತು. ಮತ್ತೆ ಹೋದಾಗ 12ರಿಂದ 21ರವರೆಗೆ ಇದ್ದೆ. ನೀವು ಮೊದಲ ಸಲವೇ ಹಾಗೆ ಮಾಡಿ.

ಇಟಲಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಕಡೆಯ ಹದಿನೈದು ದಿನಕ್ಕೆ ಇಟ್ಟುಕೊಳ್ಳಬೇಡಿ. ವಿಮಾನ ಕತಾನಿಯಾಗೆ, ಅಲ್ಲಿಂದ ಬಸ್ಸಿನಲ್ಲಿ ಸುಮಾರು ಒಂದೂಕಾಲು ಗಂಟೆ. ಚಳಿ ನಮ್ಮ ಧಾರವಾಡದ ಡಿಸೆಂಬರಿಗಿಂತ ಹೆಚ್ಚು, ಜೊತೆಗೆ ಮಳೆಯೂ ಬರುತ್ತದೆ. ಕೊಡೆ ಬಿಡಬೇಡಿ.

13ರ ಮಧ್ಯಾಹ್ನದ ಮೇಲೆ ಒರ್ತೀಜಿಯಾ ದ್ವೀಪದ ಕೆಥೆಡ್ರಲ್‌ನಿಂದ ಲೂಚಿಯಾಳ ಬೆಳ್ಳಿ ಮೂರ್ತಿ ಹೊರಡುತ್ತದೆ. 1599ರಲ್ಲಿ ಪಿಯೆತ್ರೊ ರಿತ್ಸೊ ಮಾಡಿದ್ದು. ಕತ್ತಿನಲ್ಲಿ ಕಠಾರಿ, ಕೈಯ ತಟ್ಟೆಯಲ್ಲಿ ಎರಡು ಕಣ್ಣು. ದೃಷ್ಟಿ ಕಾಯುವವಳು ಎಂದು ಅವಳಿಗೆ ಹರಕೆ. ಹಸಿರು ಟೋಪಿಯವರು ಹೆಗಲು ಕೊಡುತ್ತಾರೆ, ಬರಿಗಾಲಲ್ಲಿ ಹೆಂಗಸರು ಹಿಂದೆ ನಡೆಯುತ್ತಾರೆ. "ಸರಾವುಸಾನಾ ಯೆ!" ಅಂತ ಕೂಗು ಏಳುತ್ತದೆ. ಇವಳು ನಮ್ಮೂರಿನವಳು ಅಂತ ಅರ್ಥ. ಅವಳ ದೇಹವಿರುವುದು ವೆನಿಸ್‌ನಲ್ಲಿ ಎಂದು ತಿಳಿದವರಿಗೆ ಆ ಕೂಗಿನ ಬಿಸಿ ತಟ್ಟುತ್ತದೆ. ಕೆಥೆಡ್ರಲ್ ಚೌಕದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೇತುವೆ ದಾಟಿ ಕೊರ್ಸೊ ಉಂಬೆರ್ತೊ ರಸ್ತೆಯಲ್ಲಿ ನಿಲ್ಲಿ. ಅವಳು ಬರುವ ಹೊತ್ತಿಗೆ ಕತ್ತಲಾಗಿ ದೀಪದಲ್ಲಿ ಬೆಳ್ಳಿ ಹೊಳೆಯುತ್ತಿರುತ್ತದೆ.

ಅಂದು ಬೆಳಿಗ್ಗೆಯೇ ಯಾವುದಾದರೂ ಸಿಹಿ ಅಂಗಡಿಯಲ್ಲಿ ಕುಚ್ಚೀಯಾ ತೆಗೆದುಕೊಳ್ಳಿ, ಗೋಧಿ ಕಾಳು ಬೇಯಿಸಿ ಮಾಡುವ ಹಬ್ಬದ ಸಿಹಿ ಅದು. ಸಂಜೆಗೆ ಹೋಗಿ ನಾನು ಬರಿಗೈಲಿ ಬಂದಿದ್ದೆ. 1646ರ ಬರಗಾಲದಲ್ಲಿ ಧಾನ್ಯದ ಹಡಗು ಬಂದಾಗ ಹಸಿದ ಜನ ಬೀಸುವಷ್ಟೂ ಕಾಯದೆ ಗೋಧಿಯನ್ನು ಹಾಗೇ ಬೇಯಿಸಿ ತಿಂದರು ಎನ್ನುತ್ತಾರೆ. ಅದಕ್ಕೇ ಸಿಸಿಲಿಯಲ್ಲಿ ಅನೇಕರು ಆ ದಿನ ಬ್ರೆಡ್, ಪಾಸ್ತಾ ಮುಟ್ಟುವುದಿಲ್ಲ. ಮೊದಲ ಚಮಚಕ್ಕೇ ನನಗೆ ಅವ್ವನ ಗೋಧಿ ಹುಗ್ಗಿ ನೆನಪಾಯಿತು. ಅವ್ವ ಗೋಧಿ ಕುಟ್ಟಿ ಹೊಟ್ಟು ತೆಗೆಯುತ್ತಿದ್ದಳು. ಇಲ್ಲಿ ಇಡೀ ಕಾಳು, ಹಲ್ಲಿಗೆ ಸಿಕ್ಕರೆ ಸಿಪ್ಪೆ ಪಟ್ಟನೆ ಒಡೆದು ಒಳಗಿನ ಮೆತ್ತನೆ ಹಿಟ್ಟು ಬಾಯಿಗೆ ಬರುತ್ತದೆ. ಬೆಲ್ಲ, ಗಸಗಸೆಯ ಜಾಗದಲ್ಲಿ ರಿಕೊಟ್ಟಾ ಎಂಬ ಮೆತ್ತನೆ ಚೀಸ್, ಚಾಕೊಲೇಟ್ ಚೂರು.

ರಾತ್ರಿ ಮೂರ್ತಿ ಬೊರ್ಗಾತಾ ಬಡಾವಣೆಯಲ್ಲಿರುವ ಅವಳ ಚರ್ಚು ಬಸಿಲಿಕಾ ತಲುಪಿ ಒಂದು ವಾರ ಅಲ್ಲೇ ಇರುತ್ತದೆ. ನನಗೆ ಹಬ್ಬ ಸಿಕ್ಕಿದ್ದು ಆ ವಾರದಲ್ಲಿ. ಬೆಳಿಗ್ಗೆ ಹೋಗಿ; ತರಕಾರಿ ಚೀಲ ಕೆಳಗಿಟ್ಟು ಅವಳನ್ನು ಮಾತಾಡಿಸಿ ಹೋಗುವ ಅಜ್ಜಿಯರ ಪಕ್ಕ ನೀವೂ ಕೂರಬಹುದು. 1608ರಲ್ಲಿ ಚಿತ್ರಕಾರ ಕಾರವಾಜ್ಜೊ ಈ ಚರ್ಚಿಗೆಂದೇ ಲೂಚಿಯಾಳ ಶವಸಂಸ್ಕಾರದ ಚಿತ್ರ ಬರೆದ. ಅದರ ಸ್ಥಳ ಆಗಾಗ ಬದಲಾಗಿದೆ, ಹೋಗುವ ಮುನ್ನ ವಿಚಾರಿಸಿಕೊಳ್ಳಿ.

20ಕ್ಕೆ ಅವಳು ಕೆಥೆಡ್ರಲ್‌ಗೆ ಮರಳುತ್ತಾಳೆ. ಅಂದು ರಾತ್ರಿ ಕೆಥೆಡ್ರಲ್ ಚೌಕದಲ್ಲೇ ನಿಂತಿರಿ, ಎಷ್ಟೇ ನೂಕುನುಗ್ಗಲಿದ್ದರೂ. ಬಾಗಿಲು ಮುಚ್ಚಿದ ಮೇಲೆ ರೂಮಿಗೆ ಹೋಗಿ ಸೂಟ್‌ಕೇಸ್ ಕಟ್ಟಿಕೊಳ್ಳಿ.