ದೀಪಾವಳಿವರೆಗೆ ಅಂಗಡಿ ಬ್ರೆಡ್ ಇಲ್ಲ

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಬ್ರೆಡ್ ತರುವುದೇ ದಂಡ. ಪೇಟೆಗೆ ಹೋದವರು ಒಂದು ಪೌಂಡು ತಂದರೆ ಮಕ್ಕಳ ಡಬ್ಬಿಗೆ ನಾಲ್ಕು ಹೋಳು ಹೋಗುತ್ತದೆ, ಉಳಿದದ್ದು ಬೂಷ್ಟು ಹಿಡಿದು ಗೊಬ್ಬರದ ಗುಂಡಿಗೆ. ಶಿವಮೊಗ್ಗದಲ್ಲಿರುವ ನನ್ನ ಅತ್ತಿಗೆಯ ಹತ್ತಿರ ಫೋನಿನಲ್ಲಿ ಇದನ್ನೇ ಹೇಳಿಕೊಂಡು ಗೊಣಗುತ್ತಿದ್ದೆ. "ಹಾಗಾದ್ರೆ ಇಬ್ರೂ ಪಂದ್ಯ ಕಟ್ಟೋಣ. ಆರಿದ್ರಾ ಮಳೆಯಿಂದ ದೀಪಾವಳಿವರೆಗೆ ಅಂಗಡಿ ಬ್ರೆಡ್ ಮನೆಗೆ ಬರೋ ಹಾಗಿಲ್ಲ. ಪ್ಯಾಕೆಟ್ ಈಸ್ಟೂ ಇಲ್ಲ, ಹುಳಿಹಿಟ್ಟಿನಿಂದಲೇ ಉಬ್ಬಿಸಬೇಕು" ಅಂದರು. ಅವರಿಗೇನು, ಗಾಂಧಿ ಬಜಾರಿಗೆ ನಡೆದು ಹೋಗುವಷ್ಟು ಹತ್ತಿರ ಮನೆ, ಕೈತೋಟ ಬಿಟ್ಟರೆ ತೋಟವಿಲ್ಲ, ದನವಿಲ್ಲ. ಆದರೂ ಹೂಂ ಅಂದೆ.

ಹುಳಿಹಿಟ್ಟು ಶುರು ಮಾಡುವುದು ಕಷ್ಟದ ಕೆಲಸವೇನಲ್ಲ. ಗೋಧಿ ಹಿಟ್ಟು 50 ಗ್ರಾಂ, ಬಾವಿ ನೀರು 50 ಗ್ರಾಂ, ಗಾಜಿನ ಬಾಟಲಿಯಲ್ಲಿ ಕಲಸಿ ಮುಚ್ಚಳ ಸಡಿಲ ಬಿಟ್ಟು ಇಡುವುದು. ದಿನಕ್ಕೆರಡು ಸಲ ಅದರಿಂದ ಅರ್ಧಕ್ಕಿಂತ ಹೆಚ್ಚು ತೆಗೆದು, ಉಳಿದದ್ದಕ್ಕೆ ಮತ್ತೆ ಹಿಟ್ಟು, ನೀರು. ಎರಡನೇ ಮೂರನೇ ದಿನ ಅದು ಭರ್ಜರಿಯಾಗಿ ಉಕ್ಕುತ್ತದೆ. ಅದನ್ನು ನಂಬಬಾರದು. ಆ ಉಬ್ಬು ಈಸ್ಟಿನದಲ್ಲ, ಮೊದಲು ಬೆಳೆಯುವ ಬೇರೆ ಬ್ಯಾಕ್ಟೀರಿಯಾಗಳದ್ದು. ಹಿಟ್ಟು ಹುಳಿಯಾಗುತ್ತಾ ಹೋದ ಹಾಗೆ ಅವು ಸಾಯುತ್ತವೆ, ಬಾಟಲಿ ತಣ್ಣಗೆ ಕೂರುತ್ತದೆ. ಬಹಳ ಜನ ಕೈಬಿಡುವುದು ಇಲ್ಲೇ. ಹಿಟ್ಟಿನಲ್ಲೇ ಇರುವ ಈಸ್ಟು ಹೆಚ್ಚಾಗಲು ಇನ್ನೂ ದಿನ ಬೇಕು, ನಮ್ಮ ಕಡೆಯ ಮಳೆಗಾಲದ ಚಳಿಯಲ್ಲಂತೂ ಎರಡು ವಾರ ಹಿಡಿದರೂ ಆಶ್ಚರ್ಯವಿಲ್ಲ. ಹಿಟ್ಟು ಹಾಕಿದ ಐದಾರು ಗಂಟೆಯಲ್ಲಿ ಎರಡು ಪಟ್ಟಾಗಿ, ಮೊಸರಿನ ಹಾಗೆ ಹಿತವಾದ ಹುಳಿ ವಾಸನೆ ಬಂದರೆ ಅದು ಕೆಲಸಕ್ಕೆ ತಯಾರು.

ತೆಗೆದ ಹಿಟ್ಟನ್ನು ಚೆಲ್ಲಬೇಕೆಂದು ಎಲ್ಲರೂ ಬರೆಯುತ್ತಾರೆ. ನಮ್ಮ ಮನೆಯಲ್ಲಿ ಹಿಟ್ಟು ಚೆಲ್ಲಿದರೆ ಅತ್ತೆ ಸುಮ್ಮನಿರುವುದಿಲ್ಲ. ಮೊದಲ ವಾರ ಕಳೆದ ಮೇಲಿನದ್ದೆಲ್ಲ ಗೋಧಿ ದೋಸೆಗೆ, ಬಾಳೆಹಣ್ಣಿನ ಬನ್ಸಿಗೆ ಹೋಯಿತು. ಬನ್ಸಿಗೆ ಮೊಸರು ಕಡಿಮೆ ಮಾಡಿ ಇದನ್ನು ಸೇರಿಸಿದರೆ ಮಾಮೂಲಿ ಬನ್ಸಿಗಿಂತ ಚೆನ್ನಾಗಿಯೇ ಆಗುತ್ತದೆ. ಪಂದ್ಯದ ನಿಜವಾದ ಲಾಭ ಅದೇ ಅಂತ ಇವತ್ತಿಗೂ ಮಾವ ಹೇಳುತ್ತಾರೆ.

ಬೆಚ್ಚಗಿನ ಜಾಗ ಹುಡುಕುವುದು ಮಾತ್ರ ದೊಡ್ಡ ತಲೆಬಿಸಿ. ಹಿಟ್ಟು ಚೆನ್ನಾಗಿ ಹುದುಗಲು 25ರಿಂದ 28 ಡಿಗ್ರಿ ಬೇಕು. ಪುನರ್ವಸು ಮಳೆ ಹಿಡಿದರೆ ನಮ್ಮ ಅಡುಗೆಮನೆಯಲ್ಲಿ ಅಷ್ಟು ಎಲ್ಲಿಂದ ಬರಬೇಕು? ಮನೆಯಲ್ಲಿ ಸದಾ ಬೆಚ್ಚಗಿರುವುದು ಬಚ್ಚಲುಮನೆಯ ಹಂಡೆ ಒಲೆಯ ಪಕ್ಕ. ಬಾಟಲಿ ಹಿಡಿದುಕೊಂಡು ಅತ್ತ ಹೊರಟೆ.

"ಎಂಥದೇ ಮಾರಾಯ್ತಿ, ತಿನ್ನೋ ಹಿಟ್ಟು ಬಚ್ಚಲಲ್ಲಿ ಇಡ್ತಾರಾ?" ಅಂದರು ಅತ್ತೆ.

ಅದೂ ನ್ಯಾಯವೇ. ಕೊನೆಗೆ ಹಂಡೆಯ ನೀರೇ ಒಳಗೆ ಬಂತು. ಒಂದು ಚೊಂಬು ಬಿಸಿನೀರನ್ನು, ಕರೆಂಟು ಹಾಕದ ಓಟಿಜಿಯೊಳಗೆ (ಬ್ರೆಡ್ ಬೇಯಿಸುವ ಕರೆಂಟಿನ ಪುಟ್ಟ ಓವನ್) ಹಿಟ್ಟಿನ ಪಾತ್ರೆಯ ಪಕ್ಕ ಇಟ್ಟು ಬಾಗಿಲು ಮುಚ್ಚುವುದು, ನೀರು ಆರಿದಾಗ ಬದಲಾಯಿಸುವುದು. ಖರ್ಚಿಲ್ಲ, ಕರೆಂಟು ಬೇಡ. ಮಳೆಗಾಲದಲ್ಲಿ ಬೇಕಿಂಗ್ ಮಾಡುವವರಿಗೆ ನಾನು ಹೇಳುವ ಮೊದಲ ಮಾತು ಇದು.

ಇನ್ನು ಅಳತೆ. ಬ್ರೆಡ್ಡಿಗೆ ಲೋಟ, ಚಮಚದ ಲೆಕ್ಕ ಆಗುವುದಿಲ್ಲ, ತಕ್ಕಡಿ ಬೇಕೇ ಬೇಕು. ಬೇಕರಿಯವರ ಲೆಕ್ಕದಲ್ಲಿ ಹಿಟ್ಟು ಯಾವಾಗಲೂ 100, ಉಳಿದದ್ದೆಲ್ಲ ಅದರ ಶೇಕಡಾ ಇಷ್ಟು ಅಂತ. ಇದನ್ನು ನಮ್ಮನೆಯವರಿಗೆ ವಿವರಿಸಲು ಹೋದರೆ, "ಇದರಲ್ಲೇನು, ಬೋರ್ಡೋ ದ್ರಾವಣದ ಹಾಗೆ" ಅಂದುಬಿಟ್ಟರು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಅದು ಶೇಕಡಾ ಒಂದರ ದ್ರಾವಣ. ಅಲ್ಲಿ ನೀರು ನೂರು, ಇಲ್ಲಿ ಹಿಟ್ಟು ನೂರು, ಅಷ್ಟೇ ವ್ಯತ್ಯಾಸ. ಮನೆಮಂದಿಗೆಲ್ಲ ಅರ್ಥವಾಗುವ ಭಾಷೆ ಸಿಕ್ಕಿದ್ದು ನನಗೆ ಬಹಳ ಅನುಕೂಲವಾಯಿತು.

ನನ್ನ ಲೆಕ್ಕ ಹೀಗೆ: ಮೈದಾ 350 ಗ್ರಾಂ, ಜರಡಿ ಹಿಡಿದ ಗೋಧಿ ಹಿಟ್ಟು 150, ಹುಳಿಹಿಟ್ಟು 100, ಉಪ್ಪು 10, ನೀರು 320. ಪೂರ್ತಿ ಗೋಧಿ ಹಿಟ್ಟಿನಲ್ಲಿ ಮಾಡಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಅದರ ತೌಡು ಹಿಟ್ಟಿನ ಅಂಟಿನ ಎಳೆಗಳನ್ನು ಕತ್ತರಿಸುತ್ತದೆ, ಗಾಳಿ ನಿಲ್ಲುವುದಿಲ್ಲ, ಬ್ರೆಡ್ ಇಟ್ಟಿಗೆಯಾಗುತ್ತದೆ. ಮಕ್ಕಳು ತಿನ್ನಬೇಕಾದರೆ ಮೈದಾ ಇರಲಿ. ಇನ್ನೊಂದು ಸಂಗತಿ: ಡಬ್ಬಿಯೊಳಗಿನ ಹಿಟ್ಟೂ ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದೆ. ಪುಷ್ಯ ಮಳೆ ಹೊತ್ತಿಗೆ ಇದೇ ಅಳತೆಯ ಹಿಟ್ಟು ಕೈಗೆ ಅಂಟಲು ಶುರುವಾಯಿತು, ನೀರು ಹದಿನೈದಿಪ್ಪತ್ತು ಗ್ರಾಂ ಇಳಿಸಿದರೆ ಸರಿಹೋಯಿತು. ನೀರನ್ನು ಒಮ್ಮೆಗೇ ಸುರಿಯದೆ ಸ್ವಲ್ಪ ಕೈಯಲ್ಲಿ ಉಳಿಸಿಕೊಂಡು ಕಲಸಿ.

ನಾದುವುದಕ್ಕೆ ಅಂತ ಅರ್ಧ ಗಂಟೆ ನಿಲ್ಲುವ ಪುರುಸೊತ್ತು ಈ ಮನೆಯಲ್ಲಿ ಯಾರಿಗಿದೆ? ಹುಳಿಹಿಟ್ಟಿನ ಬ್ರೆಡ್ಡಿಗೆ ಅದು ಬೇಕಾಗಿಯೂ ಇಲ್ಲ. ಬೆಳಗ್ಗೆ ಹಾಲು ಕರೆದು ಬಂದು ಬಾಟಲಿಗೆ ಹಿಟ್ಟು ಹಾಕುತ್ತೇನೆ. ಮಧ್ಯಾಹ್ನ ಊಟದ ಎಲೆ ತೆಗೆದ ಮೇಲೆ ಮೈದಾ, ಗೋಧಿ ಹಿಟ್ಟು, ನೀರು ಒರಟಾಗಿ ಕಲಸಿ ಮುಚ್ಚಿಟ್ಟು ಪಾತ್ರೆ ತೊಳೆಯಲು ಹೋಗುತ್ತೇನೆ. ಅಷ್ಟರಲ್ಲಿ ಹಿಟ್ಟು ತಾನೇ ಮೆದುವಾಗಿರುತ್ತದೆ. ಆಮೇಲೆ ಹುಳಿಹಿಟ್ಟು, ಉಪ್ಪು. ಅಲ್ಲಿಂದ ಸಂಜೆಯವರೆಗೆ ಅಡುಗೆಮನೆ ಹಾದುಹೋದಾಗೆಲ್ಲ ಕೈ ಒದ್ದೆ ಮಾಡಿಕೊಂಡು ಹಿಟ್ಟಿನ ಒಂದು ಅಂಚನ್ನು ಎಳೆದು ಮೇಲಕ್ಕೆ ಮಡಚುವುದು, ಪಾತ್ರೆ ತಿರುಗಿಸಿ ನಾಲ್ಕೂ ಕಡೆ ಹಾಗೇ. ಒಂದು ನಿಮಿಷದ ಕೆಲಸ. ಕಾಫಿಗಿಟ್ಟಾಗ ಒಮ್ಮೆ, ಬಟ್ಟೆ ಒಳಗೆ ತಂದಾಗ ಒಮ್ಮೆ, ದನಕ್ಕೆ ಹುಲ್ಲು ಹಾಕಿ ಬಂದಾಗ ಇನ್ನೊಮ್ಮೆ. ಮೂರ್ನಾಲ್ಕು ಸಲ ಮಡಚುವಷ್ಟರಲ್ಲಿ ಹರಕು ಹರಕಾಗಿದ್ದ ಹಿಟ್ಟು ನುಣ್ಣಗಾಗಿ, ಬೆರಳಲ್ಲಿ ಒತ್ತಿದರೆ ನಿಧಾನ ಮೇಲೆ ಬರುವ ಹದಕ್ಕೆ ಬರುತ್ತದೆ. ರಾತ್ರಿ ಟಿನ್ನಿಗೆ ಹಾಕಿ ಫ್ರಿಜ್ಜಿಗೆ. ತಂಪಿನಲ್ಲಿ ಹುದುಗು ಬಹಳ ನಿಧಾನವಾಗುವುದರಿಂದ ಮರುದಿನ ಬೆಳಗ್ಗೆ ಬೇಯಿಸಿದರೂ ಸರಿ, ನೆಂಟರು ಬಂದು ಮಧ್ಯಾಹ್ನವಾದರೂ ಸರಿ. ಈ ಫ್ರಿಜ್ಜಿನ ಉಪಾಯ ಇಲ್ಲದಿದ್ದರೆ ನಾನು ಆಷಾಢದಲ್ಲೇ ಸೋಲೊಪ್ಪುತ್ತಿದ್ದೆ.

ಬೇಯಿಸುವ ಹೊತ್ತು ಮಾತ್ರ ನಮ್ಮ ಕೈಯಲ್ಲಿಲ್ಲ, ಅದು ಕರೆಂಟಿನ ಕೈಯಲ್ಲಿದೆ. ನಮ್ಮ ಓಟಿಜಿ 1500 ವಾಟಿನದು, 230 ವೋಲ್ಟಿನ ಲೆಕ್ಕಕ್ಕೆ. ಸಂಜೆ ಎಲ್ಲರ ಮನೆಯ ದೀಪ, ಟಿವಿ, ಮೋಟಾರು ಶುರುವಾದಾಗ ಫ್ರಿಜ್ಜಿನ ಸ್ಟೆಬಿಲೈಜರ್ 180 ತೋರಿಸುತ್ತದೆ. ಸ್ವಲ್ಪ ಇಳಿದರೆ ಶಾಖವೂ ಸ್ವಲ್ಪ ಇಳಿಯುತ್ತದೆ ಅಂದುಕೊಳ್ಳುತ್ತೇವೆ, ಹಾಗಲ್ಲ. ಶಾಖ ಇಳಿಯುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ: 180 ವೋಲ್ಟಿಗೆ 1500 ವಾಟಿನ ಕಾಯಿಲು ಕೊಡುವುದು ಸುಮಾರು 900 ವಾಟ್ ಮಾತ್ರ. 220 ಡಿಗ್ರಿಗೆ ಗುಬುಟು ತಿರುಗಿಸಿಟ್ಟರೂ ಒಳಗೆ ಅಷ್ಟು ಏರುವುದೇ ಇಲ್ಲ, ಬ್ರೆಡ್ ಬೇಯುವ ಬದಲು ಒಣಗುತ್ತದೆ. ಹಾಗಾಗಿ ಬೆಳಗ್ಗೆ ತಿಂಡಿ ಮುಗಿದ ಮೇಲೆ ಅಥವಾ ಮಧ್ಯಾಹ್ನ ಬೇಯಿಸುವುದು. ಒಂದು ಓವನ್ ಥರ್ಮಾಮೀಟರ್ ತೆಗೆದುಕೊಂಡು ಒಳಗಿಡಿ. ಗುಬುಟಿನ ಮೇಲೆ ಬರೆದ ಅಂಕಿಗಿಂತ ಅದು ನಂಬಿಕಸ್ಥ. 220ರಲ್ಲಿ ಹದಿನೈದು ನಿಮಿಷ, ಆಮೇಲೆ 190ಕ್ಕೆ ಇಳಿಸಿ ಇನ್ನು ಅರ್ಧ ಗಂಟೆ.

ಆಶ್ಲೇಷ ಮಳೆಯಲ್ಲಿ ಒಂದು ದಿನ, ಬ್ರೆಡ್ ಒಳಗೆ ಹೋಗಿ ಕಾಲು ಗಂಟೆಯಾಗಿರಬೇಕು, ಕರೆಂಟು ಹೋಯಿತು. ಎಲ್ಲೋ ಮರ ಬಿದ್ದಿದೆ ಅಂತ ಸುದ್ದಿ ಬಂತು. ಅಂದರೆ ಸಂಜೆವರೆಗೆ ಆಸೆ ಬೇಡ. ಇನ್ವರ್ಟರ್ ಓಟಿಜಿಯನ್ನು ಎಳೆಯುವುದಿಲ್ಲ. ಗಾಜಿನಿಂದ ಇಣುಕಿದರೆ ಬ್ರೆಡ್ ಉಬ್ಬಿ ನಿಂತಿದೆ, ಬಣ್ಣ ಇನ್ನೂ ಹಾಲುಬಿಳುಪು. ಹಂಡೆ ಒಲೆಯಲ್ಲಿ ಬೆಂಕಿ ಇತ್ತು, ಅದಕ್ಕೆ ನಾಲ್ಕು ತೆಂಗಿನ ಕರಟ ಹಾಕಿದೆ. ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆಗೆ ಎರಡು ಬೆರಳಿನಷ್ಟು ಮರಳು ಹಾಕಿ ಗ್ಯಾಸಿನ ಮೇಲೆ ಕಾಯಿಸಿ, ಟಿನ್ನನ್ನು ಅದರೊಳಗೆ ಇಳಿಸಿ, ಚಪ್ಪಟೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕರಟದ ಕೆಂಡ ಹರಡಿದೆ. ಮೇಲೆ ಹೆಚ್ಚು ಶಾಖ, ಕೆಳಗೆ ಕಡಿಮೆ, ಗ್ಯಾಸು ಸಣ್ಣಗೆ. ಕೆಳಗಿನದ್ದು ಜಾಸ್ತಿಯಾದರೆ ತಳ ಕರಕಲಾಗಿ ತಲೆ ಹಸಿಯಾಗುತ್ತದೆ. ಅರ್ಧ ಗಂಟೆ ಕಳೆದು ತಟ್ಟೆ ಎತ್ತಿದರೆ ನೆತ್ತಿ ಕಂದುಬಣ್ಣಕ್ಕೆ ತಿರುಗಿತ್ತು, ಕೆಂಡ ದಟ್ಟವಾಗಿದ್ದ ಕಡೆ ಎರಡು ಕಪ್ಪು ಚುಕ್ಕೆ. ಟಿನ್ನಿನಿಂದ ಬೀಳಿಸಿ ತಳ ಬಡಿದು ನೋಡಿದೆ, ಟೊಳ್ಳು ಸದ್ದು. ಬೆಂದಿದೆ ಅಂತ ಗೊತ್ತಾಗುವುದು ಆ ಸದ್ದಿನಿಂದ. ಥರ್ಮಾಮೀಟರ್ ಚುಚ್ಚುವವರಿಗೆ ನಡುವೆ 93ರಿಂದ 96 ಡಿಗ್ರಿ. ಕೆಂಡದ ಬ್ರೆಡ್ಡಿಗೆ ರುಚಿಯೇ ಬೇರೆ ಅಂತ ನಾನು ಹೇಳುವುದಿಲ್ಲ. ಮುಚ್ಚಿದ ಪಾತ್ರೆಯೊಳಗೆ ಹೊಗೆ ಹೋಗುವುದಿಲ್ಲ, ರುಚಿ ಅದೇ. ಆದರೆ ಹಿಟ್ಟು ಹಾಳಾಗಲಿಲ್ಲ.

ಬಿಸಿ ಬ್ರೆಡ್ ಕೊಯ್ದರೆ ಒಳಗೆ ಅಂಟಂಟು, ಎರಡು ಗಂಟೆಯಾದರೂ ಆರಬೇಕು. ಮಕ್ಕಳು ಶಾಲೆಯಿಂದ ಬರುವ ಮೊದಲೇ ಆರಿರಬೇಕು ಎಂಬುದೂ ಲೆಕ್ಕದಲ್ಲಿರಲಿ. ಹುಳಿ ಇರುವುದರಿಂದ ಇದಕ್ಕೆ ಬೂಷ್ಟು ಅಂಗಡಿ ಬ್ರೆಡ್ಡಿಗಿಂತ ತಡವಾಗಿ ಬರುತ್ತದೆ ನಿಜ, ಆದರೆ ಮಲೆನಾಡಿನ ತೇವದಲ್ಲಿ ಬಂದೇ ಬರುತ್ತದೆ. ಹೋಳು ಮಾಡಿ ಫ್ರೀಜರಿಗೆ ಹಾಕಿ, ಬೇಕಾದಷ್ಟೇ ತೆಗೆದು ಕಾವಲಿಯ ಮೇಲೆ ತುಪ್ಪ ಹಾಕಿ ಬಿಸಿ ಮಾಡುವುದು ಸರಿಯಾದ ದಾರಿ.

ಗೌರಿ ಗಣೇಶ ಹಬ್ಬದ ಸಮಯದಲ್ಲಿ ಅಡುಗೆಮನೆ ಅತ್ತೆಯ ಸುಪರ್ದಿಗೆ ಹೋಗುತ್ತದೆ. ಕಡುಬು, ಚಕ್ಕುಲಿ, ಪಂಚಕಜ್ಜಾಯದ ಮಧ್ಯೆ ಬ್ರೆಡ್ಡಿನ ಮಾತೆತ್ತುವಂತಿಲ್ಲ. ಬಾಟಲಿಯನ್ನು ಫ್ರಿಜ್ಜಿನ ಮೂಲೆಗೆ ತಳ್ಳಿ ಮರೆತೆ. ವಾರಗಟ್ಟಲೆ ಬಿಟ್ಟಮೇಲೆ ತೆಗೆದರೆ ಮೇಲೆ ಬೂದುಬಣ್ಣದ ನೀರು ನಿಂತಿತ್ತು. ಅದಕ್ಕೆ ಹೆದರಬೇಕಿಲ್ಲ, ಹಸಿದ ಹುಳಿಹಿಟ್ಟಿನ ಲಕ್ಷಣ ಅದು. ನೀರು ಬಸಿದು ಹಿಟ್ಟು ಹಾಕಿದರೆ ಮತ್ತೆ ಎದ್ದು ಕೂರುತ್ತದೆ. ಗುಲಾಬಿ ಅಥವಾ ಕಿತ್ತಳೆ ಗೆರೆ ಕಂಡರೆ ಮಾತ್ರ ಬಾಟಲಿಯಲ್ಲಿರುವುದನ್ನೆಲ್ಲ ಚೆಲ್ಲಿ ಹೊಸದಾಗಿ ಶುರು ಮಾಡಬೇಕು.

ದೀಪಾವಳಿಗೆ ಅತ್ತಿಗೆ ಬಂದಾಗ ಇಬ್ಬರ ಬ್ರೆಡ್ಡೂ ಪಕ್ಕಪಕ್ಕ ಇಟ್ಟು ಕೊಯ್ದೆವು. ಅವರದ್ದು ನನ್ನದಕ್ಕಿಂತ ಎತ್ತರ, ಒಳಗಿನ ಜಾಲರಿ ಸಣ್ಣ. ನನ್ನದರಲ್ಲಿ ಹುಳಿ ಜಾಸ್ತಿ, ಚಳಿಯಲ್ಲಿ ನಿಧಾನ ಹುದುಗಿದ್ದರ ಫಲ. ಮಗಳು ಅವರದ್ದೇ ಚೆನ್ನಾಗಿದೆ ಅಂದಳು, ಮಾವ ನನ್ನದನ್ನು ಕಾಫಿಗೆ ಅದ್ದಿಕೊಂಡು ಏನೂ ಹೇಳದೆ ಎರಡನೇ ಹೋಳು ಕೇಳಿದರು. ಈಗ ಅಡಿಕೆ ಕೊಯ್ಲು ಹತ್ತಿದೆ. ಸುಲಿಯುವವರು ಬಂದ ವಾರ ಇಪ್ಪತ್ತು ಜನರ ಊಟ, ನಡುರಾತ್ರಿವರೆಗೆ ಬೇಯಿಸುವ ಹಂಡೆ. ಆ ವಾರ ಬ್ರೆಡ್ಡನ್ನು ಅಂಗಡಿಯಿಂದಲೇ ತರಿಸುತ್ತೇನೆ. ಉಳಿದ ವಾರ ಬಾಟಲಿ ಹೊರಗೆ ಬರುತ್ತದೆ.