ಬ್ಯಾಟರಿ ನೀರಿಗೆ ಡಿಎಂ ಕಾಲಂ: ನಾನು ನಡೆಸುವ ರೀತಿ

ಡಿಸ್ಟಿಲ್ಡ್ ವಾಟರ್ ಎಂದು ಕ್ಯಾನಿನಲ್ಲಿ ಮಾರುವುದು ಎಷ್ಟೋ ಸಲ ರೆಸಿನ್ನಿನಲ್ಲಿ (ನೀರಿನ ಲವಣ ಹಿಡಿಯುವ ಪ್ಲಾಸ್ಟಿಕ್ ಕಾಳು) ಇಳಿದ ನೀರೇ, ಅಂದರೆ ಡಿಎಂ (ಡಿಮಿನರಲೈಸ್ಡ್, ಲವಣ ತೆಗೆದ) ನೀರು. ನನ್ನ ಸೆಟ್ಟಿನಲ್ಲಿ ಎರಡು ಎಫ್‌ಆರ್‌ಪಿ (ಫೈಬರ್ ಗ್ಲಾಸ್) ಟ್ಯಾಂಕ್: ಮೊದಲು 10 ಲೀಟರ್ ಕ್ಯಾಟಯಾನ್ ರೆಸಿನ್ (ಕ್ಯಾಲ್ಸಿಯಂ, ಸೋಡಿಯಂ ತರಹದವನ್ನು ಹಿಡಿಯುವುದು), ಆಮೇಲೆ 20 ಲೀಟರ್ ಆನಯಾನ್ (ಕ್ಲೋರೈಡ್ ತರಹದವನ್ನು ಹಿಡಿಯುವುದು). ಲೀಟರ್ ಲೆಕ್ಕದಲ್ಲಿ ಆನಯಾನ್ ಹಿಡಿಯುವುದು ಸುಮಾರು ಅರ್ಧದಷ್ಟೇ, ಅದಕ್ಕೇ ದುಪ್ಪಟ್ಟು. ಟಿಡಿಎಸ್ (ಕರಗಿದ ಲವಣದ ಅಳತೆ) 500ರ ಆಸುಪಾಸಿನ ಬೋರ್‌ವೆಲ್ ನೀರಾದರೆ ಒಂದು ಚಾರ್ಜಿಗೆ (ಸೋತ ರೆಸಿನ್ನನ್ನು ಆಸಿಡ್, ಕ್ಷಾರ ಹಾಯಿಸಿ ಮತ್ತೆ ಸಜ್ಜು ಮಾಡುವುದು) 1000 ಲೀಟರ್ ಹತ್ತಿರ ಬರುತ್ತದೆ. ಗಂಟೆಗೆ 200 ಲೀಟರಿಗಿಂತ ಜೋರಾಗಿ ಬಿಡುವುದಿಲ್ಲ. ಟಿಡಿಎಸ್ 1000 ದಾಟಿದ್ದರೆ ಮೊದಲು ಆರ್‌ಒ ಹಾಕಿ, ಇಲ್ಲವಾದರೆ ಆಸಿಡ್ ಖರ್ಚೇ ಮುಳುಗಿಸುತ್ತದೆ.

ಟ್ಯಾಂಕುಗಳ ಕ್ರಮ ತಿರುವುಮುರುವಾಗಬಾರದು. ಗಡಸು ನೀರು ನೇರ ಆನಯಾನಿಗೆ ಹೋದರೆ ಅಲ್ಲಿ ಬಿಡುಗಡೆಯಾಗುವ ಕ್ಷಾರಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಳಿ ಗಷ್ಟಾಗಿ ರೆಸಿನ್ ನಡುವೆಯೇ ಕೂರುತ್ತವೆ. ಆನಯಾನ್ ಚಾರ್ಜ್ ಮಾಡುವ ಕಾಸ್ಟಿಕ್ಕನ್ನು (ಸೋಡಿಯಂ ಹೈಡ್ರಾಕ್ಸೈಡ್) ಬೋರ್ ನೀರಿನಲ್ಲಿ ಕರಗಿಸಿದರೂ ಇದೇ ಗತಿ; ಬಕೆಟ್ಟಿನಲ್ಲೇ ನೀರು ಹಾಲಿನಂತೆ ಕದಡುವುದು ಕಾಣುತ್ತದೆ. ಹಾಗಾಗಿ ಕಾಲಂ ಸೋಲುವ (ರೆಸಿನ್ ಹಿಡಿಯುವ ಶಕ್ತಿ ಮುಗಿಯುವ) ಮುಂಚೆಯೇ 80 ಲೀಟರ್ ಡಿಎಂ ನೀರು ಡ್ರಮ್ಮಿನಲ್ಲಿ ತೆಗೆದಿಡುತ್ತೇನೆ.

ಚಾರ್ಜ್ ಮಾಡುವಾಗ ಮೊದಲು ಎರಡಕ್ಕೂ 10-15 ನಿಮಿಷ ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟು ಬ್ಯಾಕ್‌ವಾಶ್, ಆನಯಾನಿಗೆ ಕ್ಯಾಟಯಾನಿನಿಂದ ಬಂದ ನೀರಿನಲ್ಲಿ. ಆನಯಾನ್ ಕಾಳು ಹಗುರ, ವಾಲ್ವ್ ಜಾಸ್ತಿ ತಿರುಗಿಸಿದರೆ ಸೀದಾ ಮೋರಿಗೆ ಹೋಗುತ್ತದೆ. ಕ್ಯಾಟಯಾನಿಗೆ 17 ಲೀಟರ್ ನೀರಿಗೆ 30 ಪರ್ಸೆಂಟಿನ ಹೈಡ್ರೋಕ್ಲೋರಿಕ್ ಆಸಿಡ್ 3 ಲೀಟರ್ ಸುರಿದು (ನೀರಿಗೆ ಆಸಿಡ್, ಆಸಿಡ್ಡಿಗೆ ನೀರಲ್ಲ) 40 ನಿಮಿಷದಲ್ಲಿ ಇಳಿಸುತ್ತೇನೆ. ಬ್ಯಾಟರಿ ಅಂಗಡಿಯಲ್ಲಿ ಸಲ್ಫ್ಯೂರಿಕ್ ಕೈಗೆ ಸಿಗುವಂತಿರುತ್ತದೆ, ಅದನ್ನು ಮುಟ್ಟಬೇಡಿ: ರೆಸಿನ್ ಬಿಟ್ಟುಕೊಡುವ ಕ್ಯಾಲ್ಸಿಯಂ ಜೊತೆ ಸೇರಿ ಒಳಗೆ ಜಿಪ್ಸಂ ಕಟ್ಟಿಕೊಳ್ಳುತ್ತದೆ. ಆನಯಾನಿಗೆ 40 ಲೀಟರ್ ಡಿಎಂ ನೀರಿನಲ್ಲಿ 1.6 ಕಿಲೋ ಕಾಸ್ಟಿಕ್ ಫ್ಲೇಕ್ಸ್. ಒಮ್ಮೆಲೇ ಹಾಕಿದರೆ ಕುದಿದು ಮೈಗೆ ಸಿಡಿಯುತ್ತದೆ, ಮುಷ್ಟಿ ಮುಷ್ಟಿಯಾಗಿ ಹಾಕಬೇಕು. ಕೈಗೆ ಗ್ಲೌಸ್, ಕಣ್ಣಿಗೆ ಗಾಗಲ್ಸ್ ಬೇಕೇ ಬೇಕು. ತಣ್ಣಗಾದ ಮೇಲೆಯೇ ಬಿಡುವುದು, ಬಿಸಿಗೆ ಈ ರೆಸಿನ್ ಕೆಡುತ್ತದೆ. ಬೆನ್ನಿಗೇ ಉಳಿದ 40 ಲೀಟರನ್ನು ಅಷ್ಟೇ ನಿಧಾನವಾಗಿ ಹರಿಸುತ್ತೇನೆ.

ಹೊಸಬರು ಕ್ಯಾಟಯಾನ್ ತೊಳೆಯುತ್ತಾ ಟಿಡಿಎಸ್ ಮೀಟರ್ ಇಳಿಯಲಿ ಎಂದು ಕಾಯುತ್ತಾರೆ. ಅದು ಇಳಿಯುವುದೇ ಇಲ್ಲ. ಅಲ್ಲಿಂದ ಬರುವುದು ಯಾವಾಗಲೂ ಹುಳಿ ನೀರೇ. ರೀಡಿಂಗ್ ಒಂದು ಕಡೆ ನಿಂತರೆ ಸಾಕು, ಆನಯಾನಿಗೆ ಜೋಡಿಸಿ ಕೊನೆಯಲ್ಲಿ 10ರ ಕೆಳಗೆ ಬರುವ ತನಕ ಬಿಡಿ.

ಮತ್ತೆ ಮೀಟರ್ ಏರಿದಾಗ ಯಾವ ಟ್ಯಾಂಕ್ ಸೋತಿತೆಂದು ಪಿಎಚ್ ಪೇಪರ್ ಹೇಳುತ್ತದೆ. 8ರ ಮೇಲೆ ತೋರಿಸಿದರೆ ಕ್ಯಾಟಯಾನಿನಿಂದ ಸೋಡಿಯಂ ಸೋರುತ್ತಿದೆ. 5ರ ಕೆಳಗಾದರೆ ಆನಯಾನ್ ಮುಗಿದಿದೆ, ಕ್ಲೋರೈಡ್ ಬರುತ್ತಿದೆ. ಬ್ಯಾಟರಿಗೆ ಅದು ಪ್ಲೇಟನ್ನೇ ತಿನ್ನುವ ವಿಷ. ಎರಡರಲ್ಲಿ ಯಾವುದೇ ಆದರೂ, ಕ್ಯಾನ್ ತುಂಬುವುದನ್ನು ಅಲ್ಲಿಗೇ ನಿಲ್ಲಿಸಿ. ನಲ್ಲಿ ನೀರು ಬಳಸುವವರು ಮುಂದೆ ಕಾರ್ಬನ್ ಫಿಲ್ಟರ್ ಇಡಿ, ಕ್ಲೋರಿನ್ ಕ್ಯಾಟಯಾನ್ ಕಾಳನ್ನು ಮೆತ್ತಗೆ ಮಾಡುತ್ತದೆ.

ಆಸಿಡ್, ಕಾಸ್ಟಿಕ್ ಎರಡರ ತೊಳೆದ ನೀರನ್ನೂ ಒಂದೇ ಡ್ರಮ್ಮಿಗೆ ಹಿಡಿಯುತ್ತೇನೆ. ಈ ಅಳತೆಯಲ್ಲಿ ಕಾಸ್ಟಿಕ್ ಮಿಗುತ್ತದೆ, ಪೇಪರ್ 7-8 ತೋರಿಸುವ ತನಕ ಸ್ವಲ್ಪ ಸ್ವಲ್ಪ ಆಸಿಡ್ ಸೇರಿಸಿ ಚರಂಡಿಗೆ ಬಿಡುತ್ತೇನೆ. ಗಿಡಕ್ಕೆ ಬೇಡ, ಅದು ಬರೀ ಉಪ್ಪು ನೀರು.